ಹದಿನಾರು ಡಿಗ್ರಿಯ ರಷ್ಯಾ

ರಷ್ಯಾ ನೋಡಲು ವೀಸಾ ಬೇಕು ಅನ್ನುವುದು ಶುದ್ಧ ಸುಳ್ಳು. ಮಸ್ಕತ್ತಿನ ಅಲ್ ಖುವೈರ್‌ನ ನಮ್ಮ ಮೂರನೇ ಮಹಡಿಯ ಮನೆಗೆ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹಾಲ್‌ನಲ್ಲಿ ಐದು ನಿಮಿಷ ಕೂತರೆ ಸಾಕಿತ್ತು. ಶುಕ್ರವಾರ ಮಧ್ಯಾಹ್ನ ಸರಿಯಾಗಿ ಮೂರಕ್ಕೆ ಅಪ್ಪ ರಿಮೋಟ್ ಹಿಡಿದು ಎಸಿಯನ್ನು ಹದಿನಾರು ಡಿಗ್ರಿಗೆ ಇಳಿಸುತ್ತಿದ್ದರು. ಹೊರಗೆ ನಲವತ್ತನಾಲ್ಕು. ಕಾರಿನ ಬಾಗಿಲು ಮುಟ್ಟಿದವರ ಬೆರಳು ಅಲ್ಲೇ ಅಂಟಿಕೊಂಡು, ಉಳಿದ ಮನುಷ್ಯ ಮಾತ್ರ ಲಿಫ್ಟಿನಲ್ಲಿ ಮೇಲೆ ಬರುತ್ತಿದ್ದ. ಒಳಗೆ ಬಂದವನಿಗೆ ಒಂದು ಶಾಲು ಕೊಡುತ್ತಿದ್ದೆವು.

"ಆ ಜನ ಚಳೀಲಿ ನಡುಗ್ತಾ ಕವಿತೆ ಓದಿದ್ರು. ನಾವು ಬೆವರು ಒರೆಸ್ಕೊಂಡು ಅದನ್ನ ಚರ್ಚೆ ಮಾಡಿದ್ರೆ ಅವಮಾನ ಕಣ್ರೀ," ಎಂದು ಅಪ್ಪ ವಿವರಿಸುತ್ತಿದ್ದರು.

ಆ ಜನ ಅಂದರೆ ಕ್ರಾಂತಿಯ ಕಾಲದ ರಷ್ಯಾದ ಕವಿಗಳು. ವಾರದ ಐದು ದಿನ ಒಂದು ಕಂಪನಿಯಲ್ಲಿ ಟೆಂಡರ್ ಕಾಗದ ಜೋಡಿಸುತ್ತಿದ್ದ ಅಪ್ಪನಿಗೆ ಆ ಕವಿಗಳೆಂದರೆ ಪ್ರಾಣ. ಮೈಸೂರಿನಲ್ಲಿ ಓದುವಾಗ ಅಗ್ಗಕ್ಕೆ ಕೊಂಡ ರಷ್ಯನ್ ಪುಸ್ತಕಗಳನ್ನು ಅವರು ಸೂಟ್‌ಕೇಸಿನಲ್ಲಿ ಮಸ್ಕತ್ತಿಗೆ ತಂದಿದ್ದರು. ಅಮ್ಮನ ಒಗ್ಗರಣೆ ಡಬ್ಬಿ, ರುಬ್ಬುವ ಮೆಷಿನ್ ಮಾತ್ರ 'ತೂಕ ಜಾಸ್ತಿ' ಎಂದು ಊರಲ್ಲೇ ಉಳಿದಿದ್ದವು. ಕವಿಗಳು ನೆಲಮಾಳಿಗೆಯಲ್ಲಿ ಸೇರಿದ್ದು, ಕಾಗದ ಸಿಗದೆ ಗೋಡೆಗೆ ಬರೆದದ್ದು, ಸೌದೆ ಇಲ್ಲದೆ ಕುರ್ಚಿ ಮುರಿದು ಒಲೆಗೆ ಹಾಕಿದ್ದು, ಒಂದು ಗುಂಪು ಮೂರಾಗಿ ಮೂರು ಗುಂಪೂ ಒಬ್ಬರಿಗೊಬ್ಬರು ಬೈದುಕೊಂಡು ಘೋಷಣೆ ಹೊರಡಿಸಿದ್ದು, ಎಲ್ಲವನ್ನೂ ಅಪ್ಪ ತಾವೇ ಅಲ್ಲಿ ಟೀ ಹಂಚುತ್ತಿದ್ದವರ ಹಾಗೆ ಹೇಳುತ್ತಿದ್ದರು. ಕೇಳುವವರು ಆರು ಮನೆಯವರು. ಅಪ್ಪ ಅದನ್ನು 'ನಮ್ಮ ವಲಯ' ಅನ್ನುತ್ತಿದ್ದರು. ಅಮ್ಮ 'ಶುಕ್ರವಾರದ ಶೀತ' ಅನ್ನುತ್ತಿದ್ದಳು.

ವಲಯದಲ್ಲಿ ಅಪ್ಪನಿಗಿದ್ದ ನಿಜವಾದ ಗೆಳೆಯ ಒಬ್ಬರೇ, ಹುಬ್ಬಳ್ಳಿ ಅಂಕಲ್. ಅಲ್ ಹೈಲ್‌ನಲ್ಲಿ ಮನೆ. ದೊಡ್ಡ ಕಟ್ಟಡಗಳ ಏರ್ ಕಂಡೀಷನ್ ನೋಡಿಕೊಳ್ಳುವುದು ಅವರ ಕೆಲಸ. ಹೀಗಾಗಿ ನಮ್ಮ ರಷ್ಯಾ ಅವರಿಗೆ ಕವಿತೆಯಾಗಿ ಕಾಣದೆ ರೋಗಿಯಾಗಿ ಕಾಣುತ್ತಿತ್ತು. ಊರಿಂದ ತಂದ ಕಂದು ಬಣ್ಣದ ಮಂಕಿ ಕ್ಯಾಪ್ ಹಾಕಿಕೊಂಡು ಎಸಿಯ ಕೆಳಗೇ ಕೂತು, "ಸಾರ್, ಕಂಪ್ರೆಸರ್ ಅಳಾಕತ್ತೈತ್ರಿ. ಇಪ್ಪತ್ನಾಲ್ಕಕ್ಕ ಇಡ್ರಿ. ಕವಿಗಳೇನ್ ಬ್ಯಾಸರ ಮಾಡ್ಕೊಳ್ಳಂಗಿಲ್ಲ," ಅನ್ನುತ್ತಿದ್ದರು. ಪ್ರತಿ ವಾರವೂ ಅನ್ನುತ್ತಿದ್ದರು. ಅಪ್ಪ ಪ್ರತಿ ವಾರವೂ ಹದಿನೈದು ಆಗುತ್ತದಾ ಎಂದು ಗುಂಡಿ ಒತ್ತಿ ನೋಡುತ್ತಿದ್ದರು. ಆಗುತ್ತಿರಲಿಲ್ಲ.

ಈ ಅಂಕಲ್ ಗುಟ್ಟಾಗಿ ಕವಿತೆ ಬರೆಯುತ್ತಿದ್ದರು. ಎಷ್ಟು ಗುಟ್ಟೆಂದರೆ ಅವರು, ಅವರ ಹೆಂಡತಿ, ಅಪ್ಪ, ಮತ್ತು ಬಾಗಿಲ ಹಿಂದೆ ನಿಂತಿದ್ದ ನಾನು, ಇಷ್ಟೇ ಜನಕ್ಕೆ ಗೊತ್ತಿದ್ದದ್ದು. ನೀಲಿ ರಟ್ಟಿನ ಒಂದು ನೋಟ್‌ಬುಕ್ಕನ್ನು ಅಪ್ಪನ ಕೈಗೆ ಕೊಟ್ಟು, "ಓದಿ ಒಂದ್ ಮಾತ್ ಹೇಳ್ರಿ ಸಾರ್. ಚಲೋ ಇಲ್ಲಂದ್ರ ಚಲೋ ಇಲ್ಲ ಅನ್ರಿ, ಬರೆಯೂದು ಬಿಡ್ತೀನಿ," ಅಂದಿದ್ದರು. ಅಪ್ಪ ಎದೆಗೆ ಒತ್ತಿಕೊಂಡು ತೆಗೆದುಕೊಂಡರು. ಆಮೇಲೆ ಟೆಲಿಫೋನಿನ ಕೆಳಗೆ ಇಟ್ಟರು.

ಎಂಟು ತಿಂಗಳು ಅದು ಅಲ್ಲೇ ಇತ್ತು. ಅಂಕಲ್ ಪ್ರತಿ ಶುಕ್ರವಾರ ಒಳಗೆ ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ ಫೋನಿನ ಕಡೆ ನೋಡುತ್ತಿದ್ದರು. ಒಂದು ಮಾತೂ ಕೇಳುತ್ತಿರಲಿಲ್ಲ. ಅಪ್ಪನೂ ಹೇಳುತ್ತಿರಲಿಲ್ಲ. ಅಮ್ಮ ಮಾತ್ರ ಅದರ ಮೇಲೆ ಗ್ಯಾಸ್ ಸಿಲಿಂಡರಿನವನ ನಂಬರ್ ಬರೆದಳು.

ಇನ್ನು ನನ್ನ ಪ್ರವೇಶ. ಆಗ ನನಗೆ ಹದಿನೈದು. ಈಗಿನ ಹದಿನೇಳರ ವಿವೇಕ ಇರಲಿಲ್ಲ. ಇಂಟರ್‌ನೆಟ್‌ನಲ್ಲಿ ಏನು ಬೇಕಾದರೂ ಹುಡುಕಿ ಕೊಡುತ್ತೇನೆ ಎಂದು ವಲಯದ ಮುಂದೆ ಒಮ್ಮೆ ಜಂಬ ಕೊಚ್ಚಿದ್ದೆ. "ಹಾಗಿದ್ರೆ ಮುಂದಿನ ವಾರ ನೀನೇ ಮಾತಾಡು. ಯಾರಿಗೂ ಗೊತ್ತಿಲ್ಲದ ಒಬ್ಬ ಕವೀನ ಹುಡುಕ್ಕೊಂಡು ಬಾ," ಎಂದರು ಅಪ್ಪ. ನಾನು ಸೈಬರ್ ಕೆಫೆಗೆ ಹೋದೆ. ಒಂದು ಗಂಟೆಯಲ್ಲಿ ಐವತ್ತೈದು ನಿಮಿಷ ಕಾರ್ ರೇಸ್ ಆಡಿದೆ. ಉಳಿದ ಐದು ನಿಮಿಷಕ್ಕೆ ಪುಟ ತೆರೆದುಕೊಳ್ಳಲೇ ಇಲ್ಲ. ಆ ಕೆಫೆಯ ಇಂಟರ್‌ನೆಟ್ ರಷ್ಯಾದಿಂದ ನಡೆದುಕೊಂಡೇ ಬರುತ್ತಿತ್ತು.

ಹೀಗಾಗಿ ಯಾರಿಗೂ ಗೊತ್ತಿಲ್ಲದ ಕವಿಯನ್ನು ನಾನೇ ಹೆತ್ತೆ. ಹೆಸರು ಇಲ್ಲಿ ಬರೆಯುವುದಿಲ್ಲ, ನಾಚಿಕೆ. ಕೊನೆಯಲ್ಲಿ 'ಸ್ಕಿ' ಇತ್ತು. ಅವನಿಗೆ ಬಡತನ, ಕೆಮ್ಮು, ತೂತು ಬಿದ್ದ ಬೂಟು ಕೊಟ್ಟೆ. ಎರಡು ಗುಂಪಿನಿಂದ ಹೊರಗೆ ಹಾಕಿಸಿದೆ. ಇಪ್ಪತ್ತೊಂಬತ್ತಕ್ಕೆ ಜ್ವರ ಬರಿಸಿ ಸಾಯಿಸಿದೆ. ಎಲ್ಲ ಸರಿಯಾಯಿತು, ಕವಿಗೆ ಒಂದು ಕವಿತೆ ಮಾತ್ರ ಇರಲಿಲ್ಲ.

ಆಗ ನೀಲಿ ನೋಟ್‌ಬುಕ್ ಕಣ್ಣಿಗೆ ಬಿತ್ತು. ತೆಗೆದು ಓದಿದೆ. ಒಂದೇ ಒಂದು ಕದಿಯಲು ಹೋದವನು, ಯಾಕೋ ಕೊನೆಯ ಪುಟದವರೆಗೂ ಓದಿದೆ. ನಂತರ ಇದನ್ನು ಆರಿಸಿದೆ:

ಹೊಲದ ನಡುವೆ ನಿಂತ ಬೆದರುಗೊಂಬೆಗೆ
ನನ್ನ ಹಳೆಯ ಅಂಗಿ ತೊಡಿಸಿ ಬಂದೆ;
ಜೋಳ ತೂಗಿದಾಗೆಲ್ಲ ಅದು ಕೈ ಬೀಸುವುದಂತೆ,
ಇಲ್ಲಿ ನನ್ನ ತೋಳು ನೋಯುತ್ತದೆ.

ಜೋಳ ಇದ್ದರೆ ಸಿಕ್ಕಿಬೀಳುತ್ತೇನೆ ಎಂದು 'ಜೋಳ ತೂಗಿದಾಗೆಲ್ಲ' ಅನ್ನುವುದನ್ನು 'ಹಿಮ ಸುರಿದಾಗೆಲ್ಲ' ಮಾಡಿದೆ. ರಷ್ಯಾ ಸಿದ್ಧ. ಆ ಶುಕ್ರವಾರ ಅಂಕಲ್ ದೂರದ ನಿಜ್ವಾದಲ್ಲಿ ಯಾವುದೋ ಆಸ್ಪತ್ರೆಯ ಕೂಲಿಂಗ್ ಪ್ಲಾಂಟ್ ನೋಡಲು ಹೋಗಿರುತ್ತಾರೆಂದು ಕೇಳಿಸಿಕೊಂಡೇ ನಾನು ಧೈರ್ಯ ಮಾಡಿದ್ದು.

ಮೂರೂ ಐದಕ್ಕೆ ಬಾಗಿಲು ತೆರೆದು ಮಂಕಿ ಕ್ಯಾಪ್ ಒಳಗೆ ಬಂತು.

"ಕೆಲಸ ಲಗೂನ ಮುಗೀತ್ರಿ. ತಮ್ಮಾ ಮಾತಾಡ್ತಾನಂತ, ಬಿಡಾಕ್ ಆಗ್ತದೇನು?" ಎಂದು ಎಸಿಯ ಕೆಳಗೆ ಕೂತರು.

ನಿಲ್ಲಿಸಬಹುದಿತ್ತು. ಹೊಟ್ಟೆನೋವು ಅನ್ನಬಹುದಿತ್ತು. ಆದರೆ ನನ್ನ ಕವಿ ಆಗಲೇ ಕೆಮ್ಮಲು ಶುರು ಮಾಡಿದ್ದ, ವಲಯದ ಮಂಗಳೂರು ಆಂಟಿಯ ಕಣ್ಣಲ್ಲಿ ನೀರಿತ್ತು. "ಅಯ್ಯೋ ಪಾಪ, ಬೂಟು ಕೂಡ ಇಲ್ವಾ ಮಾರಾಯ, ಆ ಚಳಿಯಲ್ಲಿ!" ಅನ್ನುತ್ತಿದ್ದರು. ಇಂಥ ಸಭೆಯನ್ನು ಬಿಟ್ಟುಕೊಡಲು ನಾನೇನು ಸನ್ಯಾಸಿಯಾ? ಕವಿತೆ ಓದಿದೆ.

ಅಪ್ಪ ಕನ್ನಡಕ ತೆಗೆದರು. "ಇನ್ನೊಂದ್ಸಲ ಓದು," ಅಂದರು. ಓದಿದೆ.

"ನೋಡಿದ್ರಾ?" ಅಪ್ಪ ಎಲ್ಲರ ಕಡೆ ತಿರುಗಿದರು. "ಹಳೆ ಅಂಗಿ ಅಂದ್ರೆ ಹಳೆ ವ್ಯವಸ್ಥೆ. ಬೆದರುಗೊಂಬೆ ಅಂದ್ರೆ ಚಕ್ರವರ್ತಿ! ನಾಕೇ ಸಾಲು ಕಣ್ರೀ. ಇಂಥಾದ್ದೊಂದು ಬರೆಯೋರು ನಮ್ಮಲ್ಲಿ ಯಾರಿದ್ದಾರೆ ಹೇಳಿ?"

ನಾನು ಮಂಕಿ ಕ್ಯಾಪ್ ಕಡೆ ನೋಡಿದೆ. ಕ್ಯಾಪಿನ ದುಂಡು ಕಿಂಡಿಯಲ್ಲಿ ಅಂಕಲ್ ಮುಖ ಕೆಂಪಾಗಿತ್ತು. ಸಿಟ್ಟಿಗೆ ಅಂದುಕೊಂಡೆ. ಈಗ ಅನ್ನಿಸುತ್ತದೆ, ಅದರಲ್ಲಿ ಮುಕ್ಕಾಲು ಸಿಟ್ಟಾಗಿರಲಿಲ್ಲ. ಎಂಟು ತಿಂಗಳು ಕಾದ ಒಂದು ಮಾತು ಕಿವಿಗೆ ಬಿದ್ದಿತ್ತು, ಬೇರೆಯವನ ವಿಳಾಸಕ್ಕೆ.

"ಕವಿ ಚಲೋ ಅದಾನ್ರಿ," ಎಂದರು ನಿಧಾನಕ್ಕೆ. "ಆದ್ರ ಮೂರನೇ ಸಾಲು ತಪ್ಪೈತಿ."

"ಏನಂದ್ರಿ?"

"ಹಿಮ ಬಿದ್ದಾಗ ಹೊಲದಾಗ ಬೆಳೀನ ಇರಂಗಿಲ್ಲ. ಬೆಳಿ ಇಲ್ಲಂದ್ರ ಹಕ್ಕಿ ಬರಂಗಿಲ್ಲ. ಬೆದರುಗೊಂಬಿ ಯಾರ್ನ ಬೆದರ್ಸಾಕ ನಿಂತೈತ್ರಿ ಅಲ್ಲಿ? ಅಲ್ಲಿ ಬೆಳಿ ಇರಬೇಕು. ತೂಗಬೇಕು. ಅಂದ್ರ ಕೈ ಬೀಸಿದಂಗ ಕಾಣ್ತದ."

"ರೀ ಸ್ವಾಮಿ, ಅದು ರೂಪಕ!" ಅಪ್ಪ ಎದ್ದು ನಿಂತರು. "ಹಿಮ ಅಂದ್ರೆ ಕ್ರಾಂತಿ! ಕಂಪ್ರೆಸರ್ ರಿಪೇರಿ ಮಾಡ್ದಂಗೆ ಕವಿತೆ ರಿಪೇರಿ ಮಾಡಕ್ಕಾಗುತ್ತಾ? ರಷ್ಯಾದ ಕವಿಗೆ ಹಿಮ ಹೇಳ್ಕೊಡ್ತೀರಾ ನೀವು, ಹುಬ್ಬಳ್ಳಿಯವರು?"

ಅಂಕಲ್ ನನ್ನ ಕಡೆ ನೋಡಿದರು. ಒಂದೇ ಮಾತಿನಲ್ಲಿ ನನ್ನನ್ನು ನೆಲಕ್ಕೆ ಕೆಡವಬಹುದಿತ್ತು. ಕೆಡವಲಿಲ್ಲ. "ಖಲಾಸ್. ನಿಮ್ಮ ಕವಿ, ನಿಮ್ಮ ಹಿಮ," ಎಂದು ಎದ್ದು, ಕ್ಯಾಪ್ ತೆಗೆಯುವುದನ್ನೂ ಮರೆತು, ನಲವತ್ತನಾಲ್ಕು ಡಿಗ್ರಿಯ ಬಿಸಿಲಿಗೆ ಇಳಿದು ಹೋದರು. ಕೆಳಗೆ ಪಾರ್ಕಿಂಗ್‌ನಲ್ಲಿ ಮಂಕಿ ಕ್ಯಾಪ್ ಹಾಕಿದವನನ್ನು ನೋಡಿ ಒಬ್ಬ ಕಾವಲುಗಾರ ಎದ್ದು ನಿಂತದ್ದು ಕಿಟಕಿಯಿಂದ ಕಾಣಿಸಿತು.

ವಲಯ ಒಡೆಯಿತು. ರಷ್ಯಾದಲ್ಲಿ ಆದ ಹಾಗೇ. ಅಪ್ಪ ಅದರಲ್ಲೂ ಸ್ವಲ್ಪ ಖುಷಿ ಪಟ್ಟರು ಅಂತ ನನ್ನ ಗುಮಾನಿ; ಎರಡು ಪುಟದ ಘೋಷಣೆ ಬರೆದು ಫ್ರಿಜ್ಜಿಗೆ ಅಂಟಿಸಿದರು. 'ರೂಪಕವನ್ನು ಒಪ್ಪದವರಿಗೆ ವಲಯದಲ್ಲಿ ಸ್ಥಳವಿಲ್ಲ.' ಅದನ್ನು ಓದಿದ್ದು ಮೊಸರು ತೆಗೆಯಲು ಹೋದ ಅಮ್ಮ ಒಬ್ಬಳೇ. ಮುಂದಿನ ಶುಕ್ರವಾರ ಮೂರೇ ಮನೆಯವರು ಬಂದರು. ಅದರ ಮುಂದಿನ ವಾರ ಮಂಗಳೂರು ಆಂಟಿ ಮಾತ್ರ, ಅದೂ ಬಿಟ್ಟುಹೋದ ಟಿಫಿನ್ ಡಬ್ಬಿ ತೆಗೆದುಕೊಂಡು ಹೋಗಲು. ಅಪ್ಪ ಹದಿನಾರು ಡಿಗ್ರಿಯಲ್ಲಿ ಒಬ್ಬರೇ ಕೂತು ಪುಸ್ತಕ ತಿರುವಿದರು. ಅಷ್ಟು ಚಳಿ ಅಲ್ಲಿ ಮೊದಲು ಯಾವತ್ತೂ ಇರಲಿಲ್ಲ.

ಆಗ ಫೋನ್ ಬಂತು. ಎತ್ತಿದ್ದು ಅಮ್ಮ. ಅಂಕಲ್‌ಗೆ ನಿಜ್ವಾಕ್ಕೆ ವರ್ಗ, ಭಾನುವಾರ ಸಾಮಾನು ಹೊರಡುತ್ತದೆ. "ಅಕ್ಕಾರ, ಆ ನೀಲಿ ವಹಿ ಒಂದ್ ಕಳಿಸಿ ಕೊಡ್ರಿ. ಸಾರ್‌ಗೆ ಓದಾಕ ಹೊತ್ತಾಗಿಲ್ಲಂತ ಗೊತ್ತೈತಿ. ಪರವಾಗಿಲ್ಲ. ಬರೆಯೂದು ಬಿಟ್ಟೀನಿ ಈಗ," ಎಂದರಂತೆ. ಅಮ್ಮ ಅದನ್ನು ಹಾಗೇ ಹೇಳಿ ಅಡುಗೆಮನೆಗೆ ಹೋದಳು. ಪಾತ್ರೆಗಳು ಅವತ್ತು ಬೇಕಾದ್ದಕ್ಕಿಂತ ಜೋರಾಗಿ ಸದ್ದು ಮಾಡಿದವು.

ಅಪ್ಪ, "ಆ ನೋಟ್‌ಬುಕ್ ತೊಗೊಂಡ್ ಬಾರೋ," ಅಂದರು. ಕಳಿಸುವ ಮೊದಲು ಒಂದೆರಡು ಪುಟವಾದರೂ ತಿರುವಿ ನೋಡೋಣ ಅನ್ನುವ ದನಿ.

ನಾನು ನೋಟ್‌ಬುಕ್ ಹಿಡಿದು ನೇರ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡೆ. ಲೆಕ್ಕಾಚಾರ ಸರಳ: ಬೆದರುಗೊಂಬೆಯ ಹಾಳೆ ಹರಿದರೆ ನಾನು ಬಚಾವ್. ಹಾಳೆಯ ಅಂಚು ಹಿಡಿದೂ ಆಯಿತು. ಹಿಂದುಗಡೆ ಇನ್ನೊಂದು ಕವಿತೆ ಇತ್ತು, ಅಂಕಲ್ ತಮ್ಮ ಮಗಳು ಮೊದಲ ಸಲ ಸಮುದ್ರ ನೋಡಿ ಅತ್ತದ್ದರ ಬಗ್ಗೆ. ಅದು ನನಗೆ ಇನ್ನೂ ಇಷ್ಟವಾಗಿತ್ತು. ಒಂದನ್ನು ಹರಿದರೆ ಅದೂ ಹೋಗುತ್ತದೆ. ರಷ್ಯಾದವರು ಕುರ್ಚಿ ಸುಟ್ಟರು, ಮೇಜು ಸುಟ್ಟರು. ಇದು ಮಾತ್ರ ನನ್ನಿಂದ ಆಗಲಿಲ್ಲ. ಹೊರಗೆ ಬಂದು, ಅದೇ ಪುಟ ತೆರೆದು, ಅಪ್ಪನ ಕೈಗೆ ಕೊಟ್ಟೆ.

ಅಪ್ಪ ಓದಿದರು. ಇನ್ನೊಮ್ಮೆ ಓದಿದರು. ಮೂರನೇ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತರು. ನಾನು ಕೆನ್ನೆಯನ್ನು ಹದ ಮಾಡಿಕೊಂಡು ನಿಂತೆ.

"ಆ ರಷ್ಯಾದವನು?"

"ಇಲ್ಲ ಅಪ್ಪ. ನಾನೇ ಮಾಡಿದ್ದು."

"ಕೆಮ್ಮು?"

"ಅದೂ ನಾನೇ."

"ಇದನ್ನ ಪೂರ್ತಿ ಓದಿದೀಯಾ ನೀನು?"

"ಹ್ಞೂಂ. ಎರಡು ಸಲ."

ಏಟು ಬೀಳಲಿಲ್ಲ. ಬಿದ್ದಿದ್ದರೆ ಒಳ್ಳೆಯದಿತ್ತು, ಈ ಕಥೆಯಲ್ಲಿ ಅದನ್ನು ಚೆನ್ನಾಗಿ ಹಿಗ್ಗಿಸಬಹುದಿತ್ತು. ಅಪ್ಪ ಮುಖ ಬೇರೆ ಕಡೆ ತಿರುಗಿಸಿಕೊಂಡು, "ಚಪ್ಪಲಿ ಹಾಕ್ಕೋ," ಅಂದರು.

ಅಲ್ ಹೈಲ್‌ವರೆಗೆ ಅಪ್ಪ ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡೇ ಕಾರು ಓಡಿಸಿದರು. ಅಂಕಲ್ ಮನೆಯ ತುಂಬ ರಟ್ಟಿನ ಪೆಟ್ಟಿಗೆ. ಅವರು ಬನಿಯನ್‌ನಲ್ಲಿ ನಿಂತು ಟೇಪ್ ಹಚ್ಚುತ್ತಿದ್ದರು. ನಮ್ಮನ್ನು ನೋಡಿ ಅಂಗಿ ಹುಡುಕಿದರು. ಅಂಗಿಗಳೆಲ್ಲ ಪೆಟ್ಟಿಗೆ ಸೇರಿದ್ದವು.

ಅಪ್ಪ ಬಾಗಿಲಲ್ಲೇ ನಿಂತರು. ಒಂದು ಗಂಟೆ ನೀರು ಕುಡಿಯದೆ ಭಾಷಣ ಮಾಡುವ ಮನುಷ್ಯನಿಗೆ ಒಂದು ಸಾಲು ಹೊರಡಲು ತುಂಬ ಹೊತ್ತು ಹಿಡಿಯಿತು.

"ಮೂರನೇ ಸಾಲು... ನೀವು ಹೇಳಿದ್ದೇ ಸರಿ."

ಅಂಕಲ್ ಟೇಪನ್ನು ಹಲ್ಲಿನಲ್ಲಿ ಕತ್ತರಿಸಿದರು. "ಯಾರ್ ಹೇಳಿದ್ರು ನಿಮಗ?"

ಅಪ್ಪ ನನ್ನ ಕಡೆ ತೋರಿಸಿದರು.

"ಲೇ ತಮ್ಮಾ," ಎಂದರು ಅಂಕಲ್, "ಕದಿಯೂದು ಕದ್ದಿ, ಜ್ವಾಳ ಯಾಕ ಬಿಟ್ಟಿ? ಅದರಾಗ ಐತಲ್ಲ ಎಲ್ಲಾ." ಆಮೇಲೆ ನೋಟ್‌ಬುಕ್ಕಿನ ರಟ್ಟು ನೋಡಿದರು. "ಮ್ಯಾಲೆ 'ಗ್ಯಾಸ್' ಅಂತ ಬರದೀರಿ. ಇದು ವಿಮರ್ಶೆ ಏನ್ರಿ ಸಾರ್?"

"ಅದು ಸಿಲಿಂಡರ್ ನಂಬರ್ ಕಣ್ರೀ."

"ಎಷ್ಟ್ ಓದೀರಿ?"

"ಎಲ್ಲಾ."

"ಸುಳ್ಳ ಹೇಳಬ್ಯಾಡ್ರಿ."

"ಒಂದೇ ಓದಿದೀನಿ," ಅಂದರು ಅಪ್ಪ. "ಉಳಿದದ್ದು ಇಲ್ಲೇ ಕೂತು ಓದ್ತೀನಿ. ಜೋರಾಗಿ. ನೀವು ಬಿಡೋದು ಬೇಡ, ಬರೀರಿ."

ಅಂಕಲ್ ಒಂದು ಪೆಟ್ಟಿಗೆಯನ್ನು ಅಪ್ಪನ ಕಡೆ ಸರಿಸಿದರು. ಅಪ್ಪ ಅದರ ಮೇಲೆ ಕೂತು, ಕನ್ನಡಕ ಒರೆಸಿ, ಬೆದರುಗೊಂಬೆಯ ಪುಟ ತೆರೆದರು. ಅಭ್ಯಾಸಬಲ, ಕಣ್ಣು ಗೋಡೆಯ ಎಸಿ ಹುಡುಕಿತು. "ಹದಿನಾರಕ್ಕೆ ಹಾಕ್ಲಾ?" ಎಂದು ರಿಮೋಟಿಗೆ ಕೈ ಚಾಚಿದರು.

"ಬ್ಯಾಡ್ರಿ," ಎಂದು ಅಂಕಲ್ ಎಸಿ ಪೂರ್ತಿ ಆರಿಸಿದರು. "ಅದು ಜ್ವಾಳದ ಹೊಲ. ಬಿಸಲ ಇರ್ಲಿ."

ನಾವು ಮೂವರೂ ಬೆವರಿನಿಂದ ತೊಟ್ಟಿಕ್ಕುತ್ತ ಕೂತೆವು. ಅಪ್ಪ ಓದಿದರು, ಮೂರನೇ ಸಾಲನ್ನು ಎರಡು ಸಲ.