ಎಮ್ಮೆಯ ಹುಲ್ಲು ಡಿಪೋಗೆ ಹೋದದ್ದು

ಭತ್ತ ಕೊಯ್ದ ಮೇಲೆ ನಮ್ಮ ಬಳಗಾನೂರಿನ ಕಡೆ ಗದ್ದೆಯ ಹುಲ್ಲಿಗೆ ಬೆಂಕಿ ಇಡುವವರೇ ಹೆಚ್ಚು. ಎರಡು ದಿನ ಊರೆಲ್ಲ ಹೊಗೆ. ಒಣಹಾಕಿದ ಧೋತರ ಸಂಜೆಗೆ ಬೂದಿಬಣ್ಣ. ನಾನು ಇದನ್ನು ಒಪ್ಪುವವನಲ್ಲ. ಹುಲ್ಲಿನಿಂದ ಗಾಡಿಗಳ ಎಣ್ಣೆ ತಯಾರಿಸುವ ಕಾರ್ಖಾನೆಯವರು ಲಿಂಗಸುಗೂರು ರಸ್ತೆಯಲ್ಲಿ ಡಿಪೋ ತೆರೆದು ಹುಲ್ಲು ಕೊಳ್ಳುತ್ತಿದ್ದಾರೆಂದು ತಿಳಿದದ್ದೇ, ನಮ್ಮ ಹುಲ್ಲನ್ನೂ ಕಳಿಸುವುದೆಂದು ತೀರ್ಮಾನಿಸಿದೆ.

ಹೆಂಡತಿ ಒಪ್ಪಲಿಲ್ಲ. ಎಮ್ಮೆ ತುಂಬು ಗಬ್ಬ. ಬೇಸಿಗೆ ದಾಟಿಸಲು ಇದ್ದದ್ದು ಅದೊಂದೇ ಟ್ರೇಲರ್ ಹುಲ್ಲು. ಕೊಳ್ಳೋಣವೆಂದರೆ ಅಕ್ಕಪಕ್ಕದವರದು ಆಗಲೇ ಬೂದಿಯಾಗಿತ್ತು.

“ಎಮ್ಮಿ ಏನ್ ತಿನ್ನಬೇಕ್ರಿ? ನಿಮ್ಮ ಕಾರ್ಖಾನಿ ಎಣ್ಣಿ ಕುಡೀಬೇಕೇನು?”

“ಮ್ಯಾಲಿನ ಹೊಲದಾಗ ಜೋಳ ಕೊಯ್ದ ಕೂಳಿ ಐತಲ್ಲ.”

“ಅದನ್ನ ಮೊದಲು ನೀವು ಹಲ್ಲಿಲೆ ಕಡದು ತೋರಸ್ರಿ.”

ಹಾಕಿಕೊಂಡ ಕಾರ್ಯಕ್ರಮ ನಾನು ಬದಲಿಸುವುದಿಲ್ಲ. ಟ್ರ್ಯಾಕ್ಟರ್ ತಂದವನು ತಂಗಿಯ ಮಗ, ಐವತ್ತು ಸಮೀಪಿಸಿದ ಗೃಹಸ್ಥ. ಆರು ಗಂಟೆಗೆ ಬರಹೇಳಿದ್ದೆ, ಆರೂ ಹತ್ತಕ್ಕೆ ಬಂದ. ಆ ಹತ್ತು ನಿಮಿಷದ ಬಗ್ಗೆ ಹೇಳಬೇಕಾದ್ದನ್ನು ಹೇಳಿ ಮುಗಿಸಿ, ಹುಲ್ಲು ಹೇರಿಸಲು ನಿಂತೆ.

ತಪ್ಪಾದದ್ದು ಇಲ್ಲಿ. ಬಣವೆ ಒಟ್ಟುವಾಗ ಪದರ ಪದರಕ್ಕೂ ಉಪ್ಪು ಚೆಲ್ಲಬೇಕು. ದನ ಚಪ್ಪರಿಸಿ ತಿನ್ನುತ್ತವೆ, ಬೂಸಲೂ ಹಿಡಿಯುವುದಿಲ್ಲ. ಅಪ್ಪ ಕಲಿಸಿದ ಈ ಕೆಲಸವನ್ನು ನಾನು ಒಂದು ವರ್ಷವೂ ತಪ್ಪಿಸಿದವನಲ್ಲ. ಆಳುಗಳು ಟ್ರೇಲರಿನಲ್ಲಿ ಒಂದೊಂದು ಪದರ ಜೋಡಿಸಿದಂತೆ ನಾನೂ ಬುಟ್ಟಿ ಹಿಡಿದು ಒಂದೊಂದು ಬೊಗಸೆ ಚೆಲ್ಲುತ್ತ ಹೋದೆ. ಇದನ್ನು ತಿನ್ನುವುದು ದನವಲ್ಲ, ಯಂತ್ರ ಎಂಬುದು ನನಗೆ ಹೊಳೆಯಲೇ ಇಲ್ಲ.

ಮಸ್ಕಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಲೋಟ ತುಟಿಗೆ ಮುಟ್ಟುವಷ್ಟರಲ್ಲಿ ಬಸ್‌ಸ್ಟ್ಯಾಂಡಿನ ದನಗಳೆಲ್ಲ ಟ್ರೇಲರಿಗೆ ಮುತ್ತಿದವು. ಒಂದು ಹೋರಿಯಂತೂ ಮುಂಗಾಲುಗಳನ್ನು ಚಕ್ರದ ಮೇಲಿಟ್ಟು ಊಟಕ್ಕೆ ನಿಂತಿತ್ತು. ನಾನು ಕೊಡೆ ಎತ್ತಿ ಗದರಿಸಿದೆ. ಅದು ಕೊಡೆಯ ತುದಿಯನ್ನೂ ಒಮ್ಮೆ ನೆಕ್ಕಿ ನೋಡಿತು.

“ಮಾಮಾ, ಅವು ನಿಮ್ಮ ಮನಿ ಮಂದಿ ಅಲ್ಲ, ಅಂಜಾಂಗಿಲ್ಲ. ಹತ್ರಿ ಗಾಡಿ,” ಎಂದ ಅಳಿಯ.

ನಾವು ಹೊರಟೆವು, ಅವೂ ಹೊರಟವು. ಊರಾಚೆ ಡೀಸೆಲ್ ಹಾಕಿಸುವಾಗ ಮತ್ತೆ ಬಂದು ಹಿಡಿದವು. ಡಿಪೋದ ಗೇಟು ಮುಟ್ಟುವ ಹೊತ್ತಿಗೆ ನಮ್ಮ ಬೆನ್ನಿಗೆ ಇಡೀ ಒಂದು ಕುರಿ ಹಿಂಡು, ಅದರ ಹಿಂದೆ ನಮ್ಮನ್ನೇ ಬೈಯುತ್ತ ಓಡಿಬರುವ ಕುರಿಗಾಹಿ.

ತಪಾಸಣೆಯವನು ಕುರಿಗಳನ್ನು ನೋಡಿ, ಒಂದು ಹುಲ್ಲುಕಡ್ಡಿ ನಾಲಿಗೆಗೆ ಮುಟ್ಟಿಸಿಕೊಂಡ.

“ಯಜಮಾನ್ರ, ಉಪ್ಪು ಹಾಕೀರೇನು?”

“ಪದರಿಗೊಂದು ಬೊಗಸಿ. ಹೆಚ್ಚಿಲ್ಲ, ಕಡಿಮಿಲ್ಲ.”

“ಉಪ್ಪಿನ ಹುಲ್ಲು ಹಾಕಿದ್ರ ನಮ್ಮ ಯಂತ್ರ ತುಕ್ಕು ಹಿಡೀತೈತ್ರಿ. ಮನಿಗೆ ಒಯ್ರಿ.”

ಟ್ರ್ಯಾಕ್ಟರ್ ಊರಿನ ಕಡೆ ತಿರುಗಿತು. ದಾರಿಯಲ್ಲಿ ಅಳಿಯ, “ಮಾಮಾ, ಎಣ್ಣಿ ಮಾಡ್ಸಾಕಂತ ಹುಲ್ಲು ಒಯ್ದು, ಎಣ್ಣಿ ಸುಟಗೊಂಡು ಹುಲ್ಲು ವಾಪಸ್ ತರಾಕತ್ತೀವಿ,” ಎಂದ.

“ಆಗ್ಲಿ ಬಿಡಲೇ. ಹೊಗಿ ಅಂತೂ ಆಗಲಿಲ್ಲಲ್ಲ.”

ಅವನು ಸೈಲೆನ್ಸರಿನ ಕಡೆ ಬೆರಳು ತೋರಿಸಿದ. ಕರ್ರಗೆ ಉಗುಳುತ್ತಿತ್ತು.

ಮನೆ ಮುಟ್ಟಿದಾಗ ಟ್ರೇಲರಿನಲ್ಲಿ ಮುಕ್ಕಾಲು ಪಾಲು ಉಳಿದಿತ್ತು. ಹಿತ್ತಲಲ್ಲಿ ಬಣವೆಯ ಜಾಗ ಗುಡಿಸಿ, ಅಡಿಗಲ್ಲು ಜೋಡಿಸಿಟ್ಟಿತ್ತು.

“ಯಾವಾಗ ಗುಡಿಸಿದಿ?” ಎಂದೆ ಹೆಂಡತಿಗೆ.

“ನೀವು ಆ ಕಡಿ ಹೋದ ಕೂಡ್ಲೆ.”

ಎಮ್ಮೆ ಹೆಣ್ಣುಕರು ಹಾಕಿತು, ಆ ಹುಲ್ಲು ತಿಂದೇ ಬೇಸಿಗೆ ದಾಟಿತು. ಈ ಸಲ ಅದರ ಪಾಲು ಮೊದಲು ಒಟ್ಟಿ, ಮಿಕ್ಕದ್ದನ್ನು ಡಿಪೋಗೆ ಕಳಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಹುಲ್ಲು ಹೇರುವ ದಿನ ನನ್ನನ್ನು ಏನಾದರೂ ಕೆಲಸ ಹಚ್ಚಿ ಸಿಂಧನೂರಿಗೆ ಕಳಿಸುವುದೆಂದೂ ತೀರ್ಮಾನವಾಗಿದೆಯಂತೆ. ಅಳಿಯ ಹೇಳಿದ.