ಪುಷ್ಪಕ್ಕ ಹಂಚಿದ ಸಂಕಲನ

ಪದ್ಯ ಬರೆಯಲಾಗದವರು ವಿಮರ್ಶೆ ಬರೆಯುತ್ತಾರೆ, ಅದೂ ಆಗದವರು ಶಿಫಾರಸು ಮಾಡುತ್ತಾರೆ. ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಡಬ್ಬಗಳಿಗೆ ಲೇಬಲ್ ಅಂಟಿಸುವ ಕನಕರಾಜು ತನ್ನನ್ನು ಈ ಕೊನೆಯ ಸಾಲಿನಲ್ಲೇ ಕೂರಿಸಿಕೊಂಡಿದ್ದ. ಬೆಸಗರಹಳ್ಳಿಯ ಓದುಗರಿಗೆಂದು ಮಾಡಿದ ವಾಟ್ಸಾಪ್ ಗುಂಪಿನಲ್ಲಿ ಭಾನುವಾರಕ್ಕೊಂದು ಕವನ ಸಂಕಲನ ಸೂಚಿಸುತ್ತಿದ್ದ. ಉತ್ತರವಾಗಿ ಶುಭೋದಯದ ಗುಲಾಬಿಗಳು ಬರುತ್ತಿದ್ದವು. ನಿಜವಾಗಿ ಓದುತ್ತಿದ್ದವಳು ಒಬ್ಬಳೇ, ರವಿಕೆ ಹೊಲಿಯುವ ಪುಷ್ಪಕ್ಕ. ಹಿಡಿಸದಿದ್ದರೆ ಅವಳಿಗೆ ಮುಲಾಜಿಲ್ಲ: "ಇದೇನ್ಲಾ ಕನಕ, ಅಳತೆ ತಕ್ಕಳ್ದೆ ಒಲ್ದಂಗೈತೆ!"

ಆ ಪುಷ್ಪಕ್ಕನ ಎರಡೂ ಕಿಡ್ನಿ ಕೈಕೊಟ್ಟವು. ಡಯಾಲಿಸಿಸ್ಸಿಗೆಂದು ಮತ್ತೆ ಮತ್ತೆ ಮಂಡ್ಯದ ಬಸ್ಸು ಹತ್ತಬೇಕಾಯಿತು.

"ನೋವೇನ್ ದೊಡ್ದಲ್ಲ ಕಣ್ಲಾ," ಎಂದಳು. "ಕಣ್ಣು ಆ ಪೈಪಿನ ಮೇಲೇ ಓಯ್ತದೆ. ನನ್ ರಕ್ತ ಒರಗಡೆ ಓಡಾಡದ ನಾನೇ ನೋಡ್ಕಂಡು ಮನಿಕಬೇಕು. ಕಣ್ಣ ಎಳ್ಕಳಂತ ಪುಸ್ತಕ ಒಂದ ಯೇಳು."

ಕಾಯಿಲೆ ದೊಡ್ಡದಾದಷ್ಟೂ ನೋಡಲು ಹೋಗುವವರ ಹಣ್ಣಿನ ಚೀಲ ದೊಡ್ಡದಾಗುವುದು ಊರಿನ ಪದ್ಧತಿ. ಕನಕರಾಜು ತನ್ನಲ್ಲಿದ್ದ ಅತಿ ದಪ್ಪನೆಯ ಸಂಕಲನವನ್ನೇ ಹೊತ್ತುಕೊಂಡು ಹೋದ. ಗಟ್ಟಿ ರಟ್ಟಿನದು, ಈಗ ಅಚ್ಚಿನಲ್ಲಿಲ್ಲ. ಸೂಜಿ ಚುಚ್ಚಿದ ಕೈಯನ್ನು ಅವಳು ಅಲುಗಿಸುವಂತಿಲ್ಲ ಎಂಬುದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ಅವಳು ಒಂಟಿ ಕೈಯಲ್ಲಿ ಎತ್ತಿದಳು. ಪುಸ್ತಕ ಜಾರಿ ಎದೆಯ ಮೇಲೆ ಬಿತ್ತು.

"ಕಾಯ್ಲೆ ಸಾಯ್ಸೋಗಂಟ ತಡ್ಕಳಕಾಗಕಿಲ್ವೇನ್ಲಾ ನಿಂಗೆ?" ಎಂದು ನಕ್ಕಳು.

ಪುಸ್ತಕ ಮದ್ದೂರಿನ ಬೈಂಡರ್ ಅತೀಕನ ಅಂಗಡಿಗೆ ಹೋಯಿತು. "ಎಲ್ರೂ ಒಲ್ಸಕೆ ತತ್ತಾರೆ, ನೀನು ಬಿಚ್ಸಕೆ ತಂದಿದ್ದೀಯಲ್ಲಣ್ಣ," ಎನ್ನುತ್ತಲೇ ಅವನು ದಾರ ಕತ್ತರಿಸಿದ. ಹದಿನಾರು ಪುಟದ ಒಂದೊಂದು ಕಟ್ಟಿಗೂ, ಅಂದರೆ ಫಾರಮ್ಮಿಗೂ, ಹಳೇ ಕ್ಯಾಲೆಂಡರಿನ ಹೊದಿಕೆ ಹಾಕಿ, ತೆಳ್ಳನೆಯ ಪುಸ್ತಿಕೆಗಳನ್ನು ಮಾಡಿಕೊಟ್ಟ. ಪದ್ಯ ಎಲ್ಲಿ ಮುಗಿಯಿತೆಂದು ಫಾರಂ ನೋಡುವುದಿಲ್ಲವಲ್ಲ. ಒಂದರ ಕೊನೆಯಲ್ಲಿ ತುಂಡಾದ ಪದ್ಯ ಮುಂದಿನದರಲ್ಲಿ ಶುರುವಾಗುತ್ತಿತ್ತು.

ಪುಷ್ಪಕ್ಕ ಓದಿದ್ದನ್ನು ಅಕ್ಕಪಕ್ಕದ ಹಾಸಿಗೆಗಳಿಗೆ ದಾಟಿಸತೊಡಗಿದಳು. "ನೂರುನ್ನೀಸಕ್ಕ, ಇದ್ರಲ್ಲಿ ಅತ್ತೆ ಬೈಯೋ ಪದ್ಯ ಐತೆ, ನಿಂಗೇ ಸರಿ." ಅರ್ಧಕ್ಕೆ ನಿಂತವರು ಮುಂದಿನದಕ್ಕಾಗಿ ಅವಳನ್ನು ಕೂಗುತ್ತಿದ್ದರು. ಅಷ್ಟು ಹೊತ್ತಾದರೂ ಪೈಪಿನ ಕಡೆ ಯಾರ ಕಣ್ಣೂ ಹೋಗುತ್ತಿರಲಿಲ್ಲ.

ಶ್ರಾವಣದಲ್ಲಿ ಅವಳು ತೀರಿಕೊಂಡಳು. ಅವಳವ್ವ ಪಟ್ಟಲಮ್ಮ, ಮಗಳ ದಿಂಬಿನಡಿ ಸಿಕ್ಕ ಪುಸ್ತಿಕೆಗಳನ್ನು ಎಲೆಅಡಿಕೆಯ ಜೊತೆ ಗುಂಡಿಗೆ ಹಾಕಿಸಿದಳು. ಹಿಡಿಮಣ್ಣು ಹಿಡಿದು ನಿಂತಿದ್ದ ಕನಕರಾಜುವಿಗೆ ಆಗಲೂ 'ಅಯ್ಯೋ, ಇನ್ನೊಂದು ಪ್ರತಿ ಸಿಗುವುದಿಲ್ಲವಲ್ಲ' ಎನ್ನಿಸಿತು. ಹಾಗೆನ್ನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಹೇಸಿಗೆಯಾದರೂ, ತಿಥಿ ಕಳೆದ ಮೇಲೆ ಉಳಿದದ್ದನ್ನು ಕೂಡಿಸಿ ತರಲು ಮಂಡ್ಯದ ಆಸ್ಪತ್ರೆಗೆ ಹೋದ. ನೂರುನ್ನೀಸಾ ತನ್ನದನ್ನು ಕೊಟ್ಟಳು. ಪಕ್ಕದ ಹಾಸಿಗೆಯ ಮುದುಕ ಪುಟ್ಟಮಾದಯ್ಯ ಬಿಡಲಿಲ್ಲ.

"ಮುಂದಿಂದು ತಂದ್ಯಾ?"

"ಅದು ಅಕ್ಕನ ಜೊತೇಲೆ ಮಣ್ಣಾಯ್ತು, ತಾತ."

"ಬಾಯಲ್ಲಾದ್ರೂ ಯೇಳು. ಪದ್ಯದಾಗೆ ಆವಯ್ಯ ಕೆರೆ ಏರಿ ಮ್ಯಾಲೆ ನಿಂತವ್ನೆ. ಮನೆಗೆ ತಿರುಗ್ದ್ನೋ, ನೀರ್ಗೆ ಬಿದ್ನೋ?"

ಕನಕರಾಜು ಆ ಪುಟದವರೆಗೆ ಓದಿಯೇ ಇರಲಿಲ್ಲ. "ಮನೆಗೆ ತಿರುಗ್ದ," ಎಂದುಬಿಟ್ಟ.

ಮುದುಕ ಅವನ ಮುಖವನ್ನೇ ನೋಡಿದ. "ಸುಳ್ಳು ಕಣ್ಲಾ. ಪುಸ್ಪಮ್ಮ ಅದ ಓದಿ ಸುಮ್ಕಾಗ್ಬುಟ್ಲು. ಕೇಳುದ್ರೆ, ಆಮ್ಯಾಕೆ ಕೊಡ್ತೀನಿ ಬುಡು ತಾತ ಅಂದ್ಲು. ಅವ್ನು ಮನೆಗೆ ತಿರುಗಿದ್ರೆ ಅವತ್ತೇ ಯೇಳ್ತಿದ್ಲು."

ಮುದುಕ ಪುಸ್ತಿಕೆಯನ್ನು ಅವನತ್ತ ಚಾಚಿದ. "ತಕ್ಕೊ ಓಗು, ನಿನ್ ಪುಸ್ತಕವ."

ಅವನು ಕೈ ಚಾಚಲಿಲ್ಲ. ನೂರುನ್ನೀಸಾ ಕೊಟ್ಟದ್ದನ್ನೂ ಮುದುಕನ ಮಗ್ಗುಲಲ್ಲಿಟ್ಟ.

"ಇದ್ರಾಗೇನೈತೆ?"

"ನಂಗೂ ಗೊತ್ತಿಲ್ಲ, ತಾತ."