ತೇಲಿ ಬಂದ ತೆಂಗಿನಕಾಯಿ ಮತ್ತು ನಮ್ಮ ಬ್ರೆಜಿಲ್ ಮ್ಯಾನೇಜರ್

ಸಂಜೆ ನಾಲ್ಕು ಇಪ್ಪತ್ತಕ್ಕೆ ನಮ್ಮ ತಂಡದ ಗೋಲ್‌ಕೀಪರ್, ನಾವೆಲ್ಲ ಕರೆಯುವಂತೆ ಗೋಲಿ, ಜೀಪಿನಿಂದ ಸೇತುವೆಗೆ ಇಳಿದ. ಪುತ್ತೂರಿನ ಬಸ್ಸು ತಪ್ಪೀತೆಂದು ನಾನು ಆಗಷ್ಟೇ ವಾಚು ನೋಡಿದ್ದರಿಂದ ಹೊತ್ತು ನೆನಪಿದೆ.

ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲ. ಕಡಬದಲ್ಲಿ ಫುಟ್ಬಾಲ್ ಪಂದ್ಯ ಗೆದ್ದು, ಬಹುಮಾನದ ಬಾಳೆಗೊನೆಯನ್ನು ಜೀಪಿನ ಹಿಂಬದಿಗೆ ಕಟ್ಟಿಕೊಂಡು ಉಪ್ಪಿನಂಗಡಿಗೆ ಮರಳುತ್ತಿದ್ದೆವು. ದಾರಿಯ ತಗ್ಗು ಸೇತುವೆಯ ಮೇಲೆ ಪಾದ ಮುಳುಗುವಷ್ಟು ಕೆಂಪು ನೀರು. ಅಂಚಿನ ಕಲ್ಲುಗಳ ತಲೆ ಕಾಣುವವರೆಗೆ ದಾಟಬಹುದು ಎಂಬುದು ಅಲ್ಲಿಯವರ ಲೆಕ್ಕ. ನಾವು ದಾಟಿಯೂ ಬಿಡುತ್ತಿದ್ದೆವು. ಆದರೆ ನೆರೆಯಲ್ಲಿ ತೆಂಗಿನಕಾಯಿ ತೇಲಿ ಬಂದರೆ ಹಿಡಿಯದೆ ಬಿಡುವ ಜನ ನಮ್ಮ ಕಡೆ ಇಲ್ಲ. ಕಾಯಿಗಳು ಕಂಡದ್ದೇ ಡ್ರೈವರ್ ತಾನಾಗಿ ಬ್ರೇಕ್ ಹಾಕಿದ. ಗೋಲಿ ಹಾರಿ ಇಳಿದ. ಎಂಜಿನ್ ನಿಂತುಹೋಯಿತು.

ನಮ್ಮ ಮ್ಯಾನೇಜರಣ್ಣನದು ಉಪ್ಪಿನಂಗಡಿಯಲ್ಲಿ ಸೈಕಲ್ ಅಂಗಡಿ. ಮೊದಲು ತಂಡದ ಎಡಗಡೆಯಲ್ಲಿ ಆಡುತ್ತಿದ್ದವರು, ಮಂಡಿ ಕೆಟ್ಟ ಮೇಲೆ ಮ್ಯಾನೇಜರ್ ಆದರು. ಯಾರೋ ಬೊಂಬಾಯಿಯಿಂದ ತಂದ ಇಂಗ್ಲಿಷ್ ಪತ್ರಿಕೆಯಲ್ಲಿ ಬ್ರೆಜಿಲಿನ ಒಬ್ಬನ ಜೀವನ ಅಚ್ಚಾಗಿತ್ತು. ಅವನೂ ಎಡಗಡೆಯವನು, ಆಡಿ ಎರಡು ಸಲ ವಿಶ್ವಕಪ್ ಗೆದ್ದು, ಆಮೇಲೆ ಮ್ಯಾನೇಜರನಾಗಿ ಇನ್ನೊಮ್ಮೆ ಗೆಲ್ಲಿಸಿದವನು. ಕಾಲೇಜಿಗೆ ಹೋಗುವವನೆಂದು ಅದನ್ನು ಓದಿ ಹೇಳುವ ಕೆಲಸ ನನಗೆ ಬಂತು. ಅಣ್ಣ ಪಂಕ್ಚರ್ ಹಾಕುತ್ತಲೇ ಕೇಳಿ, ಮುಂಪಡೆಯಲ್ಲಿ ಆಡುವ ನನಗೇ ಅದನ್ನು ತಿರುಗಿಸುವರು.

"ಎದುರು ಓಡಿದವ ಹಿಂದೆಯೂ ಓಡಿ ಬರ್ತಿದ್ನಂತೆ, ಕೇಳಿತಾ? ನೀನು ಎದುರು ಹೋದ್ರೆ ಅಲ್ಲೇ ಬಿಡಾರ ಹೂಡುದು."

ಗೋಲಿಗೆ ಮಾತ್ರ ಅವರದೇ ಸ್ವಂತ ಪಾಠ: "ಕೈಗೆ ಬಂದದ್ದನ್ನು ಸತ್ರೂ ಬಿಡ್ಬೇಡ."

ಅಂದು ನಾವೆಲ್ಲ ಜೀಪನ್ನು ತಳ್ಳಿ ದಡ ಸೇರಿಸಿ ತಿರುಗಿ ನೋಡಿದರೆ ಗೋಲಿ ಇನ್ನೂ ಸೇತುವೆಯ ನಡುವೆ. ನೀರು ಮೊಣಕಾಲಿಗೆ ಏರಿತ್ತು. ಕೈಗೆ ಸಿಕ್ಕದೆ ಹೋಗಲಿದ್ದ ಒಂದು ಕಾಯಿಗೆ, ಗೋಲಿನ ಮೂಲೆಗೆ ಹಾರಿದಂತೆ ಹಾರಿ, ಎದೆಗೆ ಅವಚಿಕೊಂಡ. ಮರುಕ್ಷಣ ನೀರು ಅವನನ್ನು ಅಂಚಿಗೆ ಒಯ್ದು ಕಲ್ಲೊಂದಕ್ಕೆ ಒತ್ತಿತು. ಆ ಕಲ್ಲಿನಾಚೆ ಬರೀ ಹೊಳೆ.

"ಕಾಯಿ ಬಿಡು ಮಾರಾಯ, ಕಲ್ಲು ಹಿಡಿ!" ಅಣ್ಣ ದಡದಿಂದ ಕೂಗಿದರು.

ಅವನು ಬಿಡಲಿಲ್ಲ. ಅಣ್ಣ ಆ ಕೆಟ್ಟ ಮಂಡಿಯಲ್ಲೇ ಸೇತುವೆಯ ಮೇಲೆ ಹಿಂದಕ್ಕೆ ಓಡಿದರು. ಅವರ ಹಿಂದೆ ನಾವು ಕೈಗೆ ಕೈ ಹಿಡಿದು ಸಾಲಾದೆವು. ಅವರು ಕಾಲರ್ ಹಿಡಿದು ಎಳೆಯುವಾಗ ಕಲ್ಲಿನ ತಲೆ ಮುಳುಗಿಹೋದದ್ದನ್ನು ನಾನು ಕಂಡೆ. ಹಗಲು ಸುಮ್ಮನೆ ಕೂತಿರುವಾಗ ಇಂದಿಗೂ ಅದು ಕಣ್ಣೆದುರು ಬಂದು ಮುಳುಗುತ್ತದೆ.

ದಡಕ್ಕೆ ಬಂದ ಗೋಲಿಯ ಎದೆಯಲ್ಲಿ ಕಾಯಿ ಹಾಗೆಯೇ ಇತ್ತು. "ಬಿಡ್ಬೇಡ ಅಂದದ್ದು ನೀವೇ ಅಲ್ವಾ ಅಣ್ಣ?"

ನಾವು ಬಿದ್ದು ಬಿದ್ದು ನಕ್ಕೆವು. ಅಣ್ಣ ನಗಲಿಲ್ಲ.

ಆಮೇಲೆ ಹಂಚಿನ ಮೇಲೆ ಮಳೆ ಜೋರಾದಾಗೆಲ್ಲ ನನಗೆ ಎಚ್ಚರ. ಒಂದು ದಿನ ಅಂಗಡಿಯಲ್ಲಿ ಅಣ್ಣ ತಲೆಯೆತ್ತದೆ ಕೇಳಿದರು, "ನಿಂಗೆ ನಿದ್ರೆ ಉಂಟಾ?"

"ಇಲ್ಲ ಅಣ್ಣ."

"ನಂಗೂ ಇಲ್ಲ. ಅವ ಮಾತ್ರ ಚಂದ ಗೊರಕೆ ಹೊಡಿತಾನಂತೆ." ಸ್ವಲ್ಪ ಹೊತ್ತು ಚಕ್ರ ತಿರುಗಿಸಿದರು. "ಅವ ಬಿಡ್ಲಿಕ್ಕೆ ಕಲಿಯುವವರೆಗೆ ಅವನನ್ನು ನಾನು ಇನ್ನು ಹೊಳೆ ದಾಟಿಸುದಿಲ್ಲ."

ಹೀಗೆ ಹೊಸ ಅಭ್ಯಾಸ ಶುರುವಾಯಿತು. ಚೆಂಡು ಹಿಡಿಯಬೇಕು, ಸೀಟಿ ಕೇಳಿದ ಕೂಡಲೇ ಕೈಬಿಡಬೇಕು. ಗೋಲಿಗೆ ಅದು ಆಗುತ್ತಲೇ ಇರಲಿಲ್ಲ. ಸೀಟಿ ಊದಿ ಊದಿ ಅಣ್ಣನ ಕೆನ್ನೆ ನೋಯುತ್ತಿತ್ತು, ಇವನು ಚೆಂಡನ್ನು ಮಗುವಿನಂತೆ ಅಪ್ಪಿಕೊಂಡು ನಿಲ್ಲುತ್ತಿದ್ದ.

ಕೊನೆಗೆ ಒಂದು ಭಾನುವಾರ ಸೀಟಿ ಕೇಳುತ್ತಲೇ ಅವನ ಎರಡೂ ಕೈ ತೆರೆದವು. ಚೆಂಡು ಕೆಸರಿಗೆ ಬಿತ್ತು. ಹತ್ತಿರವಿದ್ದ ನಾನು ಅದನ್ನು ಒದ್ದು ಗೋಲು ಹೊಡೆದುಬಿಟ್ಟೆ.

"ಗೋಲಾಯ್ತಲ್ಲ ಅಣ್ಣ," ಎಂದ ಗೋಲಿ, ಅಳುಮೋರೆ ಮಾಡಿ.

"ಆಗ್ಲಿ ಮಾರಾಯ, ಆಗ್ಲಿ," ಎನ್ನುತ್ತ ಅಣ್ಣ ಅಂದು ನಕ್ಕರು.

ಗೋಲಿಯ ಮನೆಯವರು ಕೇರಳದಿಂದ ಬಂದು ನೆಲ್ಯಾಡಿಯಲ್ಲಿ ರಬ್ಬರ್ ಹಾಕಿದವರು. ಅವನ ತಾಯಿ ಆ ತೆಂಗಿನಕಾಯಿಯನ್ನು ಅಟ್ಟದಲ್ಲಿ ಇಟ್ಟೇ ಇದ್ದರು. ವಿಷಯ ತಿಳಿದು ಆ ಸಂಜೆ ಅದನ್ನು ಒಡೆದು, ಅರೆದು ಮೀನಿನ ಸಾರು ಮಾಡಿ, ಬೇಯಿಸಿದ ಮರಗೆಣಸಿನ ಜೊತೆ ನಮಗೆಲ್ಲ ಬಡಿಸಿದರು. ಅಣ್ಣ ಮೂರು ಸಲ ಹಾಕಿಸಿಕೊಂಡರು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ನೀರು ನಿಂತದ್ದನ್ನು ನೋಡಿಯೇ ರಾತ್ರಿ ಮಳೆ ಹೊಡೆದದ್ದು ನನಗೆ ಗೊತ್ತಾಯಿತು. ಬಿಸಿಲೇರಿದ ಮೇಲೆ ಸೈಕಲ್ ಅಂಗಡಿಗೆ ಹೋದೆ. ಬಾಗಿಲು ಇನ್ನೂ ತೆರೆದಿರಲಿಲ್ಲ; ಒಳಗಿನಿಂದ ಅಣ್ಣನ ಗೊರಕೆ ಕೇಳುತ್ತಿತ್ತು.